ಮಡಿ ಮನೆಯ ಪರ್ಷಿಯನ್ ಬೆಕ್ಕು

ಹೊರನಾಡ ಕನ್ನಡಿಗರೆಂದರೆ ಊರು ಬಿಟ್ಟು ಹೋದವರೆಂಬ ತಿಳಿವಳಿಕೆ ಸಾಮಾನ್ಯವಾಗಿದ್ದರೂ ಆದೋನಿ, ಆಲೂರು ಸೀಮೆಯವರ ಸಂಗತಿ ಬೇರೆ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿ, ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಅದರ ಪಾಲಾದಾಗ ಇವರು ಕೂತ ಮಣೆಯಿಂದ ಏಳದೆಯೇ ಹೊರನಾಡಿಗರಾದರು. ಇಂಥ ಮನೆಗೆ, ಅದರಲ್ಲೂ ಮಂತ್ರಾಲಯದ ರಾಯರಿಗೆ ನಡೆದುಕೊಳ್ಳುವ ಮಾಧ್ವರ ಮನೆಗೆ, ಅಮೆರಿಕಕ್ಕೆ ಹೊರಟ ಮಗ ತಾನು ಹೈದರಾಬಾದಿನಲ್ಲಿ ಸಾಕಿದ್ದ ಪರ್ಷಿಯನ್ ಬೆಕ್ಕನ್ನು ತಂದು ಬಿಟ್ಟುಹೋದಾಗ ಎರಡು ಆಚಾರಸಂಹಿತೆಗಳು ಒಂದೇ ಸೂರಿನಡಿ ಬಾಳಬೇಕಾಗುತ್ತದೆ. ಎರಡರಲ್ಲಿ ಬೆಕ್ಕಿನದೇ ಹೆಚ್ಚು ಕಟ್ಟುನಿಟ್ಟಾದದ್ದು.

ಈ ತಳಿಯ ಕುಲಮೂಲ ಅದರ ಹೆಸರಿನಷ್ಟು ಸರಳವಲ್ಲ. ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ 1620ರ ಸುಮಾರಿಗೆ ಪರ್ಷಿಯಾದಿಂದ ಬರೆದ ಪತ್ರದಲ್ಲಿ ಖೊರಾಸಾನಿನ ನೀಳಗೂದಲ ಬೆಕ್ಕುಗಳನ್ನು ಬಣ್ಣಿಸಿ, ಅವನ್ನು ರೋಮಿಗೆ ಒಯ್ಯುವ ಆಸೆ ತೋಡಿಕೊಂಡಿದ್ದ. ಅದೇ ಮನುಷ್ಯ 1623ರಲ್ಲಿ ಇಕ್ಕೇರಿಗೆ ಬಂದು ವೆಂಕಟಪ್ಪ ನಾಯಕನ ಆಸ್ಥಾನದ ವಿವರ ಬರೆದನಾದ್ದರಿಂದ, ಜಗತ್ತಿನ ಎಲ್ಲ ಒಳ್ಳೆಯದಕ್ಕೂ ಕನ್ನಡದ ನಂಟು ಹುಡುಕುವವರಿಗೆ ಇಲ್ಲಿಯೂ ನಿರಾಶೆಯಿಲ್ಲ. ಆದರೆ ಇಂದಿನ ಪರ್ಷಿಯನ್ ಬೆಕ್ಕು ವಂಶವಾಹಿಗಳ ಲೆಕ್ಕದಲ್ಲಿ ಪಶ್ಚಿಮ ಯುರೋಪಿನ ಬೆಕ್ಕುಗಳಿಗೇ ಹತ್ತಿರವೆಂದು 2008ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ಹೆಸರು ಒಂದು ರಾಜ್ಯದ್ದು, ನೆತ್ತರು ಇನ್ನೊಂದರದು ಎಂಬ ಈ ಸ್ಥಿತಿ ಆದೋನಿಯವರಿಗೆ ಬಿಡಿಸಿ ಹೇಳಬೇಕಾದದ್ದಲ್ಲ.

ಗಿಡ್ಡ ಕಾಲು, ದುಂಡು ತಲೆ, ಒಳಗೆ ತಳ್ಳಿದಂತಿರುವ ಚಪ್ಪಟೆ ಮೂಗು ಇದರ ಲಕ್ಷಣಗಳು. ಮುಖ ಹೀಗೆ ಅದುಮಿಕೊಂಡಿರುವುದರಿಂದ ಕಣ್ಣೀರು ಮೂಗಿಗಿಳಿಯುವ ಸಣ್ಣ ನಾಳ ಸೊಟ್ಟಗಾಗಿ, ನೀರು ಕೆನ್ನೆಯ ಮೇಲೆಯೇ ಹರಿಯುತ್ತದೆ. ಅದನ್ನು ದಿನವೂ ಒದ್ದೆ ಬಟ್ಟೆಯಿಂದ ಒರೆಸಬೇಕೆಂಬುದನ್ನು ಅರಿಯದ ನೆಂಟರು ಮಗನ ಅಗಲಿಕೆಗೆ ಬೆಕ್ಕು ಅಳುತ್ತಿದೆಯೆಂದು ನಿರ್ಣಯಿಸಿ ತಾವೂ ಸೆರಗಿನಿಂದ ಕಣ್ಣೊರೆಸಿಕೊಳ್ಳುವುದುಂಟು. ಗಿಡ್ಡ ಮೂಗಿನ ಪ್ರಾಣಿಗೆ ಸೆಕೆ ತಾಳುವ ಶಕ್ತಿ ಕಡಿಮೆ, ಕರ್ನೂಲು ಸೀಮೆಯ ಬೇಸಿಗೆಯೋ 40 ಡಿಗ್ರಿ ದಾಟುವಂಥದು. ತಿರುಪತಿಗೆ ಹರಕೆ ಹೊತ್ತು ಮುಡಿ ತೆಗೆಸೋಣವೆಂಬ ಸಲಹೆ ಪ್ರತಿ ಏಪ್ರಿಲ್‌ನಲ್ಲಿ ಮೇಲೇಳುತ್ತದೆಯಾದರೂ ಬೋಳಿಸಿದ ಚರ್ಮಕ್ಕೆ ಬಿಸಿಲು ನೇರವಾಗಿ ತಾಗುವುದರಿಂದ ಅದು ಸಲ್ಲದು. ಬೆಕ್ಕು ತಾನೇ ಕಂಡುಕೊಂಡ ಉಪಾಯ ಮೇಲು: ನೆಲಕ್ಕೆ ಹಾಸಿದ ಬೇತಂಚೆರ್ಲದ ಬಂಡೆಯ ಮೇಲೆ ಹೊಟ್ಟೆಯೂರಿ, ಹೊಸ್ತಿಲಿಗೆ ಅಡ್ಡಲಾಗಿ ಮಲಗುವುದು. ಬೆಕ್ಕು ಅಡ್ಡ ಬಂದರೆ ಹೊರಡಬಾರದೆಂಬ ನಿಯಮವನ್ನು ಅಕ್ಷರಶಃ ಪಾಲಿಸಿದರೆ ಆ ಮನೆಯಿಂದ ಮಾರ್ಚ್‌ನಿಂದ ಜೂನ್‌ವರೆಗೆ ಯಾರೂ ಆಚೆ ಹೋಗುವಂತಿಲ್ಲ.

ಉದ್ದ ಕೂದಲ ಕೆಳಗೆ ದಟ್ಟವಾದ ಮೃದುರೋಮದ ಇನ್ನೊಂದು ಪದರವಿರುವ ಈ ತುಪ್ಪಳವನ್ನು ಉಕ್ಕಿನ ಬಾಚಣಿಗೆಯಿಂದ ನಿತ್ಯ ಬಾಚದಿದ್ದರೆ ಕಿವಿಯ ಹಿಂದೆ, ಕಂಕುಳಲ್ಲಿ ಜಡೆಗಟ್ಟುತ್ತದೆ. ಬಾಚಿದರೆ ಜಿನ್ನಿಂಗ್ ಮಿಲ್ಲಿನ ಅರಳೆಯಂತೆ ಮನೆಯೆಲ್ಲ ಹಾರಾಡಿ, ಕೋಲಿನಿಂದಷ್ಟೇ ಎತ್ತಿ ಒಣಹಾಕಿದ ಅಜ್ಜಿಯ ಮಡಿ ಸೀರೆಯ ಮೇಲೆ ಇಳಿಯುತ್ತದೆ. ಅಲ್ಲಿಗೆ ಸೀರೆ ಮೈಲಿಗೆ, ಅಜ್ಜಿಗೆ ಮತ್ತೊಂದು ಸ್ನಾನ.

ಆದರೂ ನಿಜವಾದ ಧರ್ಮಸಂಕಟ ಅಡುಗೆಮನೆಯದು. ಬೆಕ್ಕು ಮಾಂಸವಿಲ್ಲದೆ ಬದುಕಲಾರದ ಪ್ರಾಣಿ; ಟಾರಿನ್ ಎಂಬ, ಮಾಂಸ ಮೀನುಗಳಲ್ಲಿ ಹೇರಳವಾಗಿರುವ ಆಮ್ಲವನ್ನು ಅದರ ದೇಹ ಬೇಕಾದಷ್ಟು ತಯಾರಿಸಲಾರದಾದ್ದರಿಂದ, ಮೊಸರನ್ನದ ಮೇಲೆಯೇ ಬೆಳೆಸಿದ ಬೆಕ್ಕಿನ ಅಕ್ಷಿಪಟ ಕ್ಷೀಣಿಸಿ ಕುರುಡಾಗಬಹುದು, ಹೃದಯದ ಸ್ನಾಯು ಸಡಿಲಗೊಳ್ಳಬಹುದು. ಹಾಲೂ ಪರಿಹಾರವಲ್ಲ, ಬೆಳೆದ ಬೆಕ್ಕುಗಳಲ್ಲಿ ಅನೇಕಕ್ಕೆ ಹಾಲಿನ ಸಕ್ಕರೆ ಅರಗದೆ ಭೇದಿಯಾಗುತ್ತದೆ. ತೆನಾಲಿ ರಾಮನ ಬೆಕ್ಕು ಹಾಲು ಕಂಡು ಓಡಿದ್ದರಲ್ಲಿ ಬಿಸಿಯಷ್ಟೇ ಅಲ್ಲ, ವೈದ್ಯಶಾಸ್ತ್ರವೂ ಸ್ವಲ್ಪ ಇದ್ದೀತು. ಇನ್ನು ಏಕಾದಶಿ: ದಪ್ಪಗಿರುವ ಬೆಕ್ಕು ಕೆಲವೇ ದಿನ ಆಹಾರ ಬಿಟ್ಟರೂ ಮೈಯ ಕೊಬ್ಬೆಲ್ಲ ಯಕೃತ್ತಿಗೆ ನುಗ್ಗಿ ಪ್ರಾಣಕ್ಕೆ ಕುತ್ತಾಗುವುದರಿಂದ ಅದಕ್ಕೆ ಉಪವಾಸದ ಪುಣ್ಯ ನಿಷಿದ್ಧ. ಒಂದು ವಿಷಯದಲ್ಲಿ ಮಾತ್ರ ಆಚಾರವೂ ಪಶುವೈದ್ಯವೂ ಕೈಜೋಡಿಸುತ್ತವೆ. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆದು ರಕ್ತಹೀನತೆ ತರುತ್ತವೆ; ಲಾರಿಗಟ್ಟಲೆ ಈರುಳ್ಳಿ ಬೆಳೆಯುವ ಜಿಲ್ಲೆಯಲ್ಲಿ ಅವೆರಡನ್ನೂ ಒಳಗೆ ಬಿಡದ ಅಡುಗೆಮನೆ ಬೆಕ್ಕಿನ ಪಾಲಿಗೆ ಅತ್ಯಂತ ಸುರಕ್ಷಿತವಾದದ್ದು. ಹೀಗಾಗಿ ಮೀನಿನ ಚಿತ್ರವನ್ನು ಗೋಡೆಯ ಕಡೆ ತಿರುಗಿಸಿಟ್ಟ ಆಹಾರದ ಪೊಟ್ಟಣ ಹಿತ್ತಿಲ ಕಪಾಟಿನಲ್ಲಿರುತ್ತದೆ, ಅದು ಏನೆಂದು ಅಜ್ಜಿ ಕೇಳುವುದಿಲ್ಲ, ಯಾರೂ ಹೇಳುವುದಿಲ್ಲ.

ಬೆಕ್ಕಿಗೆ ಜೋಡಿ ತರುವ ಮಾತು ಬಂದಾಗ ಈ ಮನೆಯವರ ಜಾಣತನ ವಿಚಿತ್ರವಾಗಿ ಕೈಕೊಡುತ್ತದೆ. ಮೂತ್ರಪಿಂಡದಲ್ಲಿ ನೀರುಗುಳ್ಳೆಗಳು ಬೆಳೆಯುವ ಕಾಯಿಲೆ ಈ ತಳಿಯಲ್ಲಿ ವಂಶಪಾರಂಪರ್ಯವಾಗಿದ್ದು, ತಂದೆತಾಯಿಗಳಲ್ಲಿ ಒಬ್ಬರಿಗಿದ್ದರೂ ಸುಮಾರು ಅರ್ಧದಷ್ಟು ಮರಿಗಳಿಗೆ ಇಳಿದುಬರುತ್ತದೆ. ಅದರ ವಂಶವಾಹಿ ದೋಷ 2004ರಲ್ಲೇ ಪತ್ತೆಯಾಗಿ ಪರೀಕ್ಷೆಯೂ ಲಭ್ಯವಿದೆ. ಆದರೆ ಸಂಬಂಧ ಕೂಡಿಸುವಾಗ ಸಗೋತ್ರ, ನಾಡಿದೋಷ, ಸೋದರಮಾವನ ಗುಣನಡತೆಗಳನ್ನೆಲ್ಲ ಜಾಲಾಡುವ ಹಿರಿಯರು ಬೆಕ್ಕಿನ ವಿಷಯದಲ್ಲಿ ಪರೀಕ್ಷೆಯ ಕಾಗದವನ್ನು ಕೇಳುವುದೇ ಇಲ್ಲ. ಹುಡುಗಿ ಬೆಳ್ಳಗಿದ್ದಾಳೆಯೇ ಎಂದಷ್ಟೇ ವಿಚಾರಿಸುತ್ತಾರೆ.