ಮನೆಯೊಳಗಿನ ಆರೋಗ್ಯಾಧಿಕಾರಿ

ಮಕ್ಕಳಿಗೆ ಒಳ್ಳೆಯ ಅಭ್ಯಾಸ ಕಲಿಸುವುದರಲ್ಲಿ ಒಂದೇ ಅಪಾಯ: ಅವರು ಕಲಿತುಬಿಡುತ್ತಾರೆ. ಎರಡನೇ ಕ್ಲಾಸಿನ ನನ್ನ ಮಗಳು ಈಗ ನನಗೆ ಮೇಲಧಿಕಾರಿ. ಸೋಪು ಹಚ್ಚಿ 20 ಸೆಕೆಂಡು ಕೈ ಉಜ್ಜಬೇಕೆಂದು ಶಾಲೆಯಲ್ಲಿ ಹೇಳಿಕೊಟ್ಟಿದ್ದಾರೆ. ನಾನು ಸಿಂಕಿನ ಮುಂದೆ ನಿಂತರೆ ಅವಳು ಪಕ್ಕದಲ್ಲೇ ನಿಂತು ಎಣಿಸುತ್ತಾಳೆ; 18ಕ್ಕೆ ನಲ್ಲಿಗೆ ಕೈ ಹಾಕಿದರೆ ಮತ್ತೆ ಒಂದರಿಂದ ಶುರು. ಅಷ್ಟರಲ್ಲಿ ತಟ್ಟೆಯಲ್ಲಿದ್ದ ಗರಿಗರಿ ದೋಸೆ ಕಂಬಳಿಯಾಗಿರುತ್ತದೆ.

ಸಕ್ಕರೆಯ ವಿಷಯದಲ್ಲಿ ನಾನೇ ಕಾನೂನು ತಂದವನು. ದಿನಕ್ಕೆ 25 ಗ್ರಾಂ, ಅಂದರೆ ಸುಮಾರು 6 ಚಮಚದೊಳಗೆ ಇದ್ದರೆ ಇನ್ನೂ ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ ಅಂತ, ಅವಳ ಚಾಕೊಲೇಟಿನ ಮೇಲೆ ಕಣ್ಣಿಟ್ಟು, ಗಂಭೀರವಾಗಿ ಭಾಷಣ ಬಿಗಿದಿದ್ದೆ. ಆ ಕಾನೂನು ಈಗ ನನ್ನ ಕಾಫಿ ಲೋಟಕ್ಕೂ ಅನ್ವಯ. ಮೈಸೂರು ಪಾಕಿನ ಡಬ್ಬಿಯ ಮುಚ್ಚಳ ಕಿಟ್ಟೆಂದರೆ ಸಾಕು, ಒಳಗಿನ ಕೋಣೆಯಿಂದ ವಿಚಾರಣೆ: “ಅಪ್ಪಾ, ಇದು ಎಷ್ಟನೇ ಚಮಚ?”

ಕಾಪಾಡಲೆಂದು ಅಮ್ಮನ ಮುಖ ನೋಡಿದೆ. “ಬಿಡೇ ಪುಟ್ಟಿ, ನಿಮ್ಮಪ್ಪ ಚಿಕ್ಕಂದಿನಲ್ಲೂ ಹೀಗೇ. ಮುದ್ದೆಯನ್ನ ನಾಯಿಗೆ ಹಾಕಿ ಖಾಲಿ ತಟ್ಟೆ ತೋರಿಸ್ತಿದ್ದ” ಎಂದು ಹಳೇ ಫೈಲನ್ನೇ ಬಿಚ್ಚಿದರು. ಆವತ್ತಿನಿಂದ ರಾತ್ರಿ ನನ್ನ ಮುದ್ದೆಗೆ ಬಂದೋಬಸ್ತು. ಬೀದಿ ನಾಯಿಯನ್ನೂ ಗೇಟಿನಾಚೆ ಓಡಿಸಿದ್ದಾಳೆ.

ಮುಂದಿನ ತಿಂಗಳು ಶಾಲೆಯಲ್ಲಿ ಕ್ಷಮಾಗುಣದ ಪಾಠವಂತೆ. ಅಲ್ಲಿಯವರೆಗೆ ಮೈಸೂರು ಪಾಕು ಅಕ್ಕಿ ಡಬ್ಬದ ತಳದಲ್ಲಿ ಭೂಗತವಾಗಿರುತ್ತದೆ.