ಮಾದರಿ ಬಾಟಲಿಯವರಿಗೊಂದು ಬಹಿರಂಗ ಪತ್ರ

ಮಾನ್ಯ ಮಾದರಿ ಬಾಟಲಿಯವರ ಸನ್ನಿಧಾನಕ್ಕೆ,

ಬೈರಮಂಗಲ ಕೆರೆ ಏರಿಯ ಕೆಳಗಿನಿಂದ ಶಿರಸಾಷ್ಟಾಂಗ ನಮಸ್ಕಾರಗಳು. ಪರೀಕ್ಷೆಗೆ ನೀರು ಹಿಡಿಯಲು ತಾವು ಬಂದಾಗ ಏರಿಯ ಮೇಲಿದ್ದವರೆಲ್ಲ ಮೂಗಿಗೆ ಟವೆಲು ಒತ್ತಿ ನಿಂತಿದ್ದರು. ತಾವೊಬ್ಬರೇ ಬಾಯ್ತೆರೆದು ವೃಷಭಾವತಿಯನ್ನು ಗಟಗಟ ಕುಡಿದಿರಿ. ಅಂಥ ಗುಂಡಿಗೆ ಈ ಸೀಮೆಯಲ್ಲಿ ಇನ್ಯಾರಿಗೂ ಇಲ್ಲ.

ಬಸವನಗುಡಿಯ ದೊಡ್ಡ ಬಸವಣ್ಣನ ಪಾದದಲ್ಲಿ ಹುಟ್ಟಿದವಳೆಂದು ಜನ ನಂಬುವ ಈ ಹೊಳೆ ಮೈಸೂರು ರಸ್ತೆಯ ಮಗ್ಗುಲಲ್ಲಿ ಇಳಿದು, ಬೈರಮಂಗಲ ಕೆರೆ ತುಂಬಿ, ಅರ್ಕಾವತಿಯನ್ನು ಸೇರುತ್ತಾಳೆ. ಅರ್ಕಾವತಿ ಕನಕಪುರದಾಚೆಯ ಸಂಗಮದಲ್ಲಿ ಕಾವೇರಿಗೆ ಬೀಳುತ್ತಾಳೆ. ಹಾಗೆ ನೋಡಿದರೆ ವೃಷಭಾವತಿಯ ಹೊಟ್ಟೆಯಲ್ಲಿರುವುದೂ ಬಹುಪಾಲು ಕಾವೇರಿಯೇ: ತೊರೆಕಾಡನಹಳ್ಳಿಯಿಂದ ಸುಮಾರು 100 ಕಿ.ಮೀ. ಪಂಪಿನ ಬಲದಲ್ಲಿ ಏರಿ ಬಂದು, ಬೆಂಗಳೂರಿನ ಮುಸುರೆ ತಿಕ್ಕಿ, ಬಟ್ಟೆ ಒಗೆದು, ಸೋತು ತವರಿಗೆ ಮರಳುವ ಮಗಳು. (ನಗರ ನೀರೆತ್ತುವ ಜಾಗ ಸಂಗಮಕ್ಕಿಂತ ಮೇಲಿದೆ. ಜಾಣತನಕ್ಕೇನೂ ಬರವಿಲ್ಲ.)

ತಮ್ಮ ಶ್ರದ್ಧೆ ದೊಡ್ಡದು. ಬಿಒಡಿ, ಅಂದರೆ ನೀರಿನ ಕೊಳೆಯನ್ನು ಅರಗಿಸಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕ, ಎಷ್ಟೆಂದು ತಿಳಿಯಲು ತಾವು 27 ಡಿಗ್ರಿಯ ಪೆಟ್ಟಿಗೆಯಲ್ಲಿ ಮೂರು ದಿನ ತಪಸ್ಸು ಮಾಡುತ್ತೀರಿ. ಉತ್ತರ ಹೊಳೆಯುವಷ್ಟರಲ್ಲಿ ಆ ನೀರು ಬೇಬಿಕಾರ್ನ್ ಗದ್ದೆಗೋ ಹಿಪ್ಪುನೇರಳೆ ಬುಡಕ್ಕೋ ಹೋಗಿ ಇಂಗಿರುತ್ತದೆ.

ಆಮೇಲೆ ಅಂಕಪಟ್ಟಿ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ನೀರಿಗೆ ಎ ಇಂದ ಇ ತನಕ ಐದು ಬೆಂಚು ಹಾಕಿದೆ. ಮೀನು ಬದುಕಬೇಕಾದ ಡಿ ಬೆಂಚಿನ ನೀರಿನಲ್ಲಿ ಲೀಟರಿಗೆ 4 ಮಿಲಿಗ್ರಾಂ ಆಮ್ಲಜನಕವಾದರೂ ಕರಗಿರಬೇಕು. ನೀರಾವರಿಯ ಇ ಬೆಂಚಿನಲ್ಲಿ ಅದನ್ನು ಕೇಳುವವರೇ ಇಲ್ಲ! ಬಿಒಡಿಯೂ ಬೇಡ, ಕೋಲಿಫಾರ್ಮ್ ಬ್ಯಾಕ್ಟೀರಿಯದ ಲೆಕ್ಕವೂ ಬೇಡ. ಉಪ್ಪಿನಂಶ, ಬೋರಾನ್ ಇಂಥವನ್ನಷ್ಟೇ ನೋಡಿ ಪಾಸು. ಆ ನೀರಿನಲ್ಲಿ ಮೊಣಕಾಲುದ್ದ ನಿಂತು ಹುಲ್ಲು ಕೊಯ್ಯುವ ಹೆಂಗಸಿನ ಕಾಲಿಗೆ ಯಾವ ಬೆಂಚು?

2018ರಲ್ಲಿ ಮಂಡಳಿ ದೇಶದ 351 ಕಲುಷಿತ ನದಿಪಾತ್ರಗಳನ್ನು ಎಣಿಸಿತು. ಕರ್ನಾಟಕದವು 17, ಅರ್ಕಾವತಿಯೂ ಸೇರಿ. ಎಣಿಕೆಯಲ್ಲಿ ಲೋಪವಿಲ್ಲ.

ಇನ್ನು ನೆಲದೊಳಗಿನ ಮಾತು. ತಮ್ಮ ದಾಯಾದಿ ಅಳತೆ ಟೇಪು ಕೇಂದ್ರ ಅಂತರ್ಜಲ ಮಂಡಳಿಯ ವೀಕ್ಷಣಾ ಬಾವಿಗಳಿಗೆ ವರ್ಷಕ್ಕೆ ನಾಲ್ಕು ಸಲ ಇಳಿದು ನೀರು ಎಷ್ಟು ಆಳದಲ್ಲಿದೆಯೆಂದು ನೋಡುತ್ತದೆ. ಗುಣ ಹೇಗಿದೆಯೆಂಬ ವಿಚಾರಣೆ ಸಾಮಾನ್ಯವಾಗಿ ಮುಂಗಾರಿಗೆ ಮುಂಚೆ, ಒಂದೇ ಸಲ. ಹೊಳೆಯಾದರೆ ನೊರೆ ಉಗುಳಿ ತನ್ನ ಕಾಯಿಲೆಯನ್ನು ಸಾರುತ್ತದೆ. ಬಂಡೆಯ ಬಿರುಕಿಗೆ ಇಳಿದ ನೈಟ್ರೇಟಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂ ದಾಟಬಾರದೆಂಬುದು ಮಾನಕ. ಕುದಿಸಿದರೂ ಅದು ಹೋಗುವುದಿಲ್ಲ, ನೀರು ಆವಿಯಾದಷ್ಟೂ ಗಟ್ಟಿಯಾಗುತ್ತದೆ.

ಆದ್ದರಿಂದ ವಿನಂತಿ ಇಷ್ಟೇ. ಒಂದು ಬಾಟಲಿ ಒಂದು ಗಳಿಗೆಗೆ ಮಾತ್ರ ಸಾಕ್ಷಿ. ಮುಂದಿನ ಸಲ ಹಗಲು ಹೊತ್ತು ಬೇಡ, ರಾತ್ರಿ ಎರಡಕ್ಕೆ ದಯಮಾಡಿಸಬೇಕು. ಸಾಧ್ಯವಾದರೆ ಗಂಟೆಗೊಬ್ಬರಂತೆ ತಮ್ಮ ಇಪ್ಪತ್ನಾಲ್ಕು ಮಂದಿ ಅಣ್ಣತಮ್ಮಂದಿರನ್ನೂ ಕರೆತರಬೇಕು. ಮುದ್ದೆ, ಸಾರಿನ ವ್ಯವಸ್ಥೆಯಾಗಿದೆ. ಕುಡಿಯುವ ನೀರು ಮಾತ್ರ ತಾವೇ ತರಬೇಕು.

ಇಂತಿ ತಮ್ಮ ವಿಧೇಯ,
ಏರಿ ಕೆಳಗಿನ ಕೊಳವೆಬಾವಿ