ಗೋಡೆಯ ಮೇಲಿನ ಗಡಿವಿವಾದ

ವಿಕ್ರೋಳಿ ಪೂರ್ವದ ನಮ್ಮ ಮನೆಯ ಗೋಡೆಯಲ್ಲಿ ಪ್ರತಿವರ್ಷ ಜೂನ್ ಕೊನೆಗೆ ಕರ್ನಾಟಕದ ಭೂಪಟ ಮೂಡುತ್ತದೆ. ಮೊದಲು ಕಾಣಿಸಿಕೊಳ್ಳುವುದು ಬೀದರ್, ಸೀಲಿಂಗಿಗೆ ತಾಗಿಕೊಂಡ ಒಂದು ಕಪ್ಪು ಚುಕ್ಕೆ. ಜುಲೈ ಎರಡನೇ ವಾರಕ್ಕೆ ಕಲಬುರಗಿ, ವಿಜಯಪುರ ತುಂಬಿಕೊಳ್ಳುತ್ತವೆ. ಆಟಿ ತಿಂಗಳು ಹುಟ್ಟುವ ಹೊತ್ತಿಗೆ ಬೂಷ್ಟು ಘಟ್ಟ ಇಳಿದು ಉಡುಪಿ ಮುಟ್ಟಿರುತ್ತದೆ. ಬೆಂಗಳೂರಿರಬೇಕಾದ ಜಾಗದಲ್ಲಿ ಸ್ವಿಚ್ ಬೋರ್ಡ್ ಇದೆ. ಅಲ್ಲಿ ಕೈಯಿಟ್ಟವರಿಗೆಲ್ಲ ಶಾಕ್ ಹೊಡೆಯುವುದರಿಂದ ಭೂಪಟದ ನಿಖರತೆಯ ಬಗ್ಗೆ ಊರಿನಿಂದ ಬಂದ ಯಾರಿಗೂ ಸಂಶಯ ಉಳಿದಿಲ್ಲ. ಕನ್ನಡ ಸಂಘದ ಹಿರಿಯರೊಬ್ಬರು ಮೊಬೈಲಿನಲ್ಲಿ ಫೋಟೊ ಹೊಡೆದುಕೊಂಡು, "ನವೆಂಬರ್ ಒಂದರವರೆಗೆ ಹೀಗೇ ಉಳಿಸಿಕೊಳ್ಳಿ ಮಾರಾಯ್ರೆ" ಎಂದು ಕೇಳಿಕೊಂಡರು.

ತಕರಾರು ಬಂದದ್ದು ಬೆಳಗಾವಿಯಿಂದ. ಭೂಪಟದ ವಾಯವ್ಯ ಮೂಲೆ ಬೀಮಿನ ಕೆಳಗೆ ತೂರಿ ಪಕ್ಕದ ಮನೆಯೊಳಗೆ ಹೋಗಿದೆ. ಆ ಮನೆಯವರು ಸಾತಾರಾ ಕಡೆಯ ಕಾಕಾ, ಮಿಲ್ಲಿನಿಂದ ನಿವೃತ್ತರಾದವರು. ಒಂದು ಬೆಳಿಗ್ಗೆ ನನ್ನನ್ನು ಕರೆದುಕೊಂಡು ಹೋಗಿ ತೋರಿಸಿದರು. "ಬುರಶಿ ತುಮಚ್ಯಾಕಡೂನ್ ಆಲೀ" ಎಂದರು, ಬೂಷ್ಟು ನಿಮ್ಮ ಕಡೆಯಿಂದ ಬಂದದ್ದು. ನಾನು ಉದಾರವಾಗಿ, "ಕಾಕಾ, ಬೆಳಗಾವಿ ನಿಮ್ಮದೇ ಅಂತ ಇಷ್ಟು ವರ್ಷ ಕೂಗಿದಿರಲ್ಲ, ತಗೊಳ್ಳಿ. ನಿಪ್ಪಾಣಿ, ಕಾರವಾರವನ್ನೂ ಸೇರಿಸಿ ತಗೊಳ್ಳಿ" ಎಂದೆ. ಕಾಕಾ ಕೂಡಲೇ ಮಹಾಜನ ವರದಿಯ ಪಕ್ಷಕ್ಕೆ ಸೇರಿಬಿಟ್ಟರು. "ಛೆ ಛೆ, ಅದು ಕರ್ನಾಟಕದ್ದೇ" ಎಂದರು. 1967ರಲ್ಲಿ ಬಂದ ಆ ವರದಿಯನ್ನು ವಿಕ್ರೋಳಿಯಲ್ಲಿ ಒಬ್ಬ ಮರಾಠಿಗ ಒಪ್ಪಿಕೊಂಡದ್ದನ್ನು ಕಣ್ಣಾರೆ ಕಂಡವನು ನಾನು. ರಾಜ್ಯಗಳ ಗಡಿಯ ದಾವೆ 2004ರಿಂದ ಸುಪ್ರೀಂ ಕೋರ್ಟಿನಲ್ಲಿದೆ. ನಮ್ಮ ಗೋಡೆಯ ಅರ್ಜಿ 2011ರಿಂದ ಸೊಸೈಟಿ ಆಫೀಸಿನಲ್ಲಿದೆ. ಯಾವುದು ಮೊದಲು ತೀರುತ್ತದೆ ಎಂಬುದಕ್ಕೆ ನಾವಿಬ್ಬರೂ ಕಟಿಂಗ್ ಚಹಾ ಪಣ ಕಟ್ಟಿದ್ದೇವೆ.

ಬೂಷ್ಟು ಹಿಡಿದ ಮನೆಗೆ ವೈದ್ಯರು ಬಹಳ. ಮೊದಲನೆಯವನು ಪೇಂಟರ್. ಅವನ ದೃಷ್ಟಿಯಲ್ಲಿ ಇದು ಬಣ್ಣದ ಸಮಸ್ಯೆ. ಗಣಪತಿ ಹಬ್ಬಕ್ಕೆ ಹದಿನೈದು ದಿನ ಮುಂಚೆ ಬಂದು, ಒದ್ದೆ ಗೋಡೆಯ ಮೇಲೆ ಎರಡು ಕೋಟ್ ಪುಟ್ಟಿ, ಎರಡು ಕೋಟ್ 'ಫಂಗಸ್ ಪ್ರೂಫ್' ಹೊಡೆದು, ದುಡ್ಡು ಎಣಿಸಿಕೊಂಡು, ನವರಾತ್ರಿಯೊಳಗೆ ಫೋನ್ ನಂಬರ್ ಬದಲಾಯಿಸುತ್ತಾನೆ. ಒಳಗಿನ ನೀರಿಗೆ ಹೊರಬರಲು ದಾರಿ ಬೇಕು. ಅದು ಬಣ್ಣವನ್ನು ಹಪ್ಪಳದಂತೆ ಉಬ್ಬಿಸಿ ಕೆಳಗೆ ಬೀಳಿಸುತ್ತದೆ. ಮರಾಠಿಯಲ್ಲಿ ಇದಕ್ಕೆ ಪೋಪ್ಡಾ ಎನ್ನುತ್ತಾರೆ. ಕಳೆದ ವರ್ಷ ಹೀಗೆ ಬಿದ್ದ ಒಂದು ಪೋಪ್ಡಾವನ್ನು ಎತ್ತಿ ಅಂಚು ನೋಡಿದೆ. ಮೇಲೆ ಕೆನೆಬಣ್ಣ, ಅದರಡಿ ನಾದಿನಿಯ ನಿಶ್ಚಿತಾರ್ಥಕ್ಕೆ ಹೊಡೆಸಿದ ಪಿಸ್ತಾ, ಅದರಡಿ ಮಗಳ ನಾಮಕರಣದ ಗುಲಾಬಿ, ತಳದಲ್ಲಿ ಅಪ್ಪ ಈ ಮನೆ ಕೊಂಡಾಗಿನ ಆಕಾಶನೀಲಿ. ಪದರ ಪದರದ ನಡುವೆ ಒಂದೊಂದು ಕಪ್ಪು ಗೆರೆ. ನಮ್ಮ ವಂಶಾವಳಿಯನ್ನು ಇಷ್ಟು ಚೊಕ್ಕವಾಗಿ ಬರೆದಿಟ್ಟವರು ಊರಿನ ಪುರೋಹಿತರಲ್ಲೂ ಇಲ್ಲ. ಬೂಷ್ಟಿನ ಮೇಲೆ ಬಣ್ಣ ಹೊಡೆದರೆ ಬೂಷ್ಟು ಸಾಯುವುದಿಲ್ಲ, ಅದಕ್ಕೊಂದು ಹೊದಿಕೆ ಸಿಗುತ್ತದೆ, ಅಷ್ಟೆ. ಇಷ್ಟನ್ನು ತಿಳಿಯಲು ನನಗೆ ನಾಲ್ಕು ಬಣ್ಣ ಬೇಕಾಯಿತು.

ಎರಡನೆಯ ವೈದ್ಯ ವಾಟ್ಸಾಪ್. 2021ರ ಮೇ ತಿಂಗಳು ನೆನಪಿರಬಹುದು. ಕೋವಿಡ್ ರೋಗಿಗಳಲ್ಲಿ ಕಪ್ಪು ಶಿಲೀಂಧ್ರದ ಕಾಯಿಲೆ ಹಬ್ಬಿ ದೇಶ ಕಂಗಾಲಾಗಿತ್ತು. ಆಗ ಬಂದ ಒಂದು ಸಂದೇಶ, ಈರುಳ್ಳಿಯ ಮೇಲಿನ ಕಪ್ಪು ಪುಡಿ ಮತ್ತು ಫ್ರಿಜ್ ಬಾಗಿಲಿನ ರಬ್ಬರಿನ ಕಪ್ಪು, ಇವೇ ಆ ರೋಗದ ಮೂಲ ಎಂದು ಘೋಷಿಸಿತು. ಶುದ್ಧ ಸುಳ್ಳು. ಈರುಳ್ಳಿಯ ಬೂಷ್ಟಿನ ಜಾತಿ ಬೇರೆ, ಆ ರೋಗದ್ದು ಬೇರೆ. ಆ ರೋಗ ಹಿಡಿದದ್ದು ಹೆಚ್ಚಾಗಿ ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ ಇದ್ದವರನ್ನು, ಸ್ಟೆರಾಯ್ಡ್ ಹೆಚ್ಚಾದವರನ್ನು. ಆದರೆ ನನ್ನ ಹೆಂಡತಿ ಐದು ಕಿಲೋ ಈರುಳ್ಳಿ ಎಸೆದು, ಹಳೆಯ ಟೂತ್‌ಬ್ರಷ್ಷಿನಿಂದ ಒಂದು ಗಂಟೆ ಫ್ರಿಜ್ಜಿನ ರಬ್ಬರು ಉಜ್ಜಿದಳು. ಅವಳ ಬೆನ್ನ ಹಿಂದೆ, ಮೂರಡಿ ದೂರದಲ್ಲಿ, ಹೋದ ಮಳೆಗಾಲದ ಇಡೀ ಕರ್ನಾಟಕ ಕಪ್ಪಗೆ ನೋಡುತ್ತ ನಿಂತಿತ್ತು.

ಮೂರನೆಯವನು ಡೊಂಬಿವಲಿಯ ಭಾವ, ಆಶಾವಾದಿ. "ಬೂಷ್ಟಿನಿಂದಲೇ ಅಲ್ಲವೇ ಪೆನಿಸಿಲಿನ್? 1928ರಲ್ಲಿ ಫ್ಲೆಮಿಂಗ್ ತಟ್ಟೆ ತೊಳೆಯದೆ ರಜಕ್ಕೆ ಹೋದದ್ದರಿಂದ ಪ್ರಪಂಚ ಉಳಿಯಿತು. 1954ರಲ್ಲಿ ನಮ್ಮ ಪಿಂಪ್ರಿಯಲ್ಲಿ ಸರ್ಕಾರವೇ ಬೂಷ್ಟು ಬೆಳೆಸಲು ಕಾರ್ಖಾನೆ ಹಾಕಿತು" ಎಂದು ಸಮಾಧಾನ ಹೇಳಿದ. ಮಾತೆಲ್ಲ ನಿಜ. ಹೇಳುವಷ್ಟೂ ಹೊತ್ತು ಮೂಗಿಗೆ ಕರ್ಚೀಫು ಹಿಡಿದುಕೊಂಡಿದ್ದ ಎಂಬುದೂ ನಿಜ.

ಇವರೆಲ್ಲ ಕೈಬಿಟ್ಟ ಮೇಲೆ ಮನೆಯವಳೇ ಯುದ್ಧಕ್ಕೆ ಇಳಿದಳು. ಒಂದು ಕೈಯಲ್ಲಿ ಬ್ಲೀಚ್ ಬಾಟ್ಲಿ, ಇನ್ನೊಂದರಲ್ಲಿ ಸಂಡಾಸು ತೊಳೆಯಲು ಸ್ಟೇಷನ್ ಪಕ್ಕದ ಅಂಗಡಿಯಿಂದ ತಂದ ಆಸಿಡ್ ಕ್ಯಾನು. ಎರಡೂ ಒಂದೊಂದೇ ಇಷ್ಟು ಜೋರಾದರೆ ಸೇರಿಸಿದರೆ ಇನ್ನೆಷ್ಟು ಎಂಬುದು ಅವಳ ಲೆಕ್ಕ. ಬಕೆಟ್ಟಿಗೆ ಸುರಿಯುವ ಮೊದಲು ಬಿಎಸ್ಸಿ ಓದುತ್ತಿರುವ ಮಗಳು ಕಿರುಚಿಕೊಂಡು ಓಡಿಬಂದಳು. ಬ್ಲೀಚಿಗೆ ಆಸಿಡ್ ಸೇರಿದರೆ ಏಳುವುದು ಕ್ಲೋರಿನ್ ಗ್ಯಾಸ್, ಮೊದಲ ಮಹಾಯುದ್ಧದಲ್ಲಿ 1915ರಲ್ಲಿ ಜರ್ಮನರು ಈಪ್ರ್ ಊರಿನ ಬಳಿ ಶತ್ರುಗಳ ಮೇಲೆ ಬಿಟ್ಟದ್ದು. ಅಮೋನಿಯಾ ಇರುವ ಕ್ಲೀನರ್ ಸೇರಿದರೂ ವಿಷವೇ. ಬೂಷ್ಟು ಬದುಕಿ ನಾವೆಲ್ಲ ಸತ್ತಿದ್ದರೆ ಸೊಸೈಟಿ ನೋಟಿಸ್ ಬೋರ್ಡಿನಲ್ಲಿ ಶ್ರದ್ಧಾಂಜಲಿ ಬೀಳುತ್ತಿತ್ತು, ಮೇಂಟೆನೆನ್ಸ್ ಬಾಕಿಯ ಮೊತ್ತದೊಂದಿಗೆ.

ಆಮೇಲೆ ಅಧಿಕಾರ ಮಗಳ ಕೈಗೆ ಹೋಯಿತು. ಅವಳು ಮಾಡಿದ್ದರಲ್ಲಿ ಶೌರ್ಯವೇನೂ ಕಾಣಲಿಲ್ಲ. ದಮ್ಮಿನ ತೊಂದರೆಯಿರುವ ನನ್ನ ಅಮ್ಮನನ್ನು ಕಾಕಾ ಮನೆಗೆ ಕಳಿಸಿದಳು. ಫ್ಯಾನ್ ಆಫ್ ಮಾಡಿ ಕಿಟಕಿ ತೆರೆದಳು, ತಿರುಗುವ ಫ್ಯಾನು ಬೂಷ್ಟಿನ ಬೀಜಕಣವನ್ನು ಅಡುಗೆಮನೆಯವರೆಗೆ ಬಿತ್ತುತ್ತದಂತೆ. ಕೋವಿಡ್ ಕಾಲದಿಂದ ಉಳಿದಿದ್ದ ಎನ್-95 ಮಾಸ್ಕು, ಕೈಗೆ ರಬ್ಬರ್ ಗವಸು, ಕಣ್ಣಿಗೆ ಲ್ಯಾಬಿನ ಕನ್ನಡಕ. ನಾನು ಒಣ ಬ್ರಷ್ಷಿನಿಂದ ಕೆರೆಯಲು ಹೋದಾಗ ಕೈ ಹಿಡಿದಳು. ಮೊದಲು ಒದ್ದೆ ಮಾಡಬೇಕು, ಇಲ್ಲದಿದ್ದರೆ ಗೋಡೆಯ ಮೇಲಿದ್ದದ್ದು ಎದೆಯೊಳಗೆ ಹೋಗುತ್ತದೆ. ಸಾಬೂನು ನೀರಿನಲ್ಲಿ ಉಜ್ಜಿ, ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎಸೆದಳು. ಟೈಲ್ಸಿನಂಥ ಗಟ್ಟಿ ಜಾಗಕ್ಕೆ ಇಷ್ಟು ಸಾಕು. ನೀರು ಕುಡಿದು ಮೆತ್ತಗಾದ ಪ್ಲಾಸ್ಟರನ್ನು ಕೆತ್ತಿ ತೆಗೆಯಲೇಬೇಕು, ಬ್ಲೀಚು ಅದರ ಮೈಮೇಲೆ ಬಿಳಿ ಮಾಡುತ್ತದೆಯೇ ಹೊರತು ಬೇರಿನವರೆಗೆ ಇಳಿಯುವುದಿಲ್ಲ. ಪ್ಲೈವುಡ್ ಕಪಾಟಿನ ಹಿಂಬದಿ, ಒಂದು ಹಾಸಿಗೆ, ನನ್ನ ಹಳೆಯ ದೀಪಾವಳಿ ವಿಶೇಷಾಂಕಗಳು ಹೋದವು. ವಿಶೇಷಾಂಕಗಳಿಗೆ ನಾನು ಜೀವದಾನ ಬೇಡಿದೆ. ಕಥೆಗಳ ಮಧ್ಯೆ ಹಸಿರು ಮೂಡಿದ್ದನ್ನು ತೋರಿಸಿ ಸುಮ್ಮನಾಗಿಸಿದಳು.

ಕೊನೆಗೆ ಇಂಚುಪಟ್ಟಿ ಹಿಡಿದು ಭೂಪಟ ಅಳೆದಳು. ಅಮೆರಿಕದ ಪರಿಸರ ಇಲಾಖೆಯ ಪ್ರಕಾರ ಹೆಚ್ಚುಕಡಿಮೆ ಮೂರಡಿಗೆ ಮೂರಡಿಗಿಂತ ದೊಡ್ಡದಾದರೆ ಅದು ಮನೆಯವರ ಕೈಯ ಕೆಲಸವಲ್ಲವಂತೆ. ನಮ್ಮದು ಬೀದರಿನಿಂದ ಚಾಮರಾಜನಗರಕ್ಕೆ ಐದೂವರೆ ಅಡಿ. "ಮತ್ತೆ ಬರುತ್ತದಪ್ಪ. ನೀರು ನಿಂತರೆ ಮಾತ್ರ ಇದು ನಿಲ್ಲುತ್ತದೆ" ಎಂದಳು.

ನೀರು! ಈ ಊರಿನಲ್ಲಿ ಬೂಷ್ಟಿನ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ನೀರಿನ ಮಾತು ಬಂದರೆ ಎಲ್ಲರಿಗೂ ಮೀಟಿಂಗ್ ಇರುತ್ತದೆ. ಕಾರಣ ಇಲ್ಲದಿಲ್ಲ. ಮಹಾರಾಷ್ಟ್ರದ ಹೌಸಿಂಗ್ ಸೊಸೈಟಿಗಳ ಮಾದರಿ ಬೈಲಾ ಪ್ರಕಾರ ಮಳೆನೀರಿನ ಸೋರಿಕೆ, ಹೊರಗಿನ ಸಾಮಾನ್ಯ ಪೈಪಿನ ಸೋರಿಕೆ ಸೊಸೈಟಿಯ ಖರ್ಚು. ಅಲ್ಲಿ ಹೇಳದೆ ಬಿಟ್ಟದ್ದೆಲ್ಲ ಸದಸ್ಯನ ಖರ್ಚು. ಹೀಗಾಗಿ ಗೋಡೆಯೊಳಗಿನ ಪ್ರತಿ ಹನಿಯನ್ನೂ ನಿಲ್ಲಿಸಿ ಕೇಳಬೇಕು, ನೀನು ಮುಗಿಲಿನಿಂದ ಬಂದವಳೋ, ಮೇಲಿನ ಮನೆಯ ಬಚ್ಚಲಿನ ನಹಾಣಿ ಟ್ರ್ಯಾಪಿನಿಂದ ಬಂದವಳೋ? ಈ ರಾಜ್ಯದಲ್ಲಿ 15 ವರ್ಷ ವಾಸವಿದ್ದರೆ ಡೊಮಿಸೈಲ್ ಸರ್ಟಿಫಿಕೇಟ್ ಸಿಗುತ್ತದೆ. ನಮ್ಮ ನೀರಿಗೆ ಆ ಅರ್ಹತೆ ಬಂದು ಬಹಳ ಕಾಲವಾಯಿತು, ಮೂಲ ನಿವಾಸ ಯಾವುದೆಂದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ. ಮೇಲಿನ ಬಾತ್‌ರೂಮಿನಲ್ಲಿ ಬಣ್ಣದ ನೀರು ಬಿಟ್ಟು ಒಂದೆರಡು ದಿನ ಕಾದರೆ ಗೊತ್ತಾಗುತ್ತದೆ ಎಂದ ಪ್ಲಂಬರ್. ಮೇಲಿನವರು ತಯಾರಿಲ್ಲ, ಅವರಿಗೆ ವಾಸ್ತು ಪ್ರಕಾರ ಕೆಂಪು ಆಗುವುದಿಲ್ಲ.

ಟೆರೇಸಿನಿಂದ ನೀರು ಇಳಿಯದಂತೆ ಹಾಕಿದ ಬ್ರಿಕ್‌ಬ್ಯಾಟ್ ಕೋಬಾ ಒಡೆದು ಹೊಸದಾಗಿ ಹಾಕಿಸೋಣ ಎಂದು ಕೇಳಿದ್ದೂ ಆಯಿತು. ಮಳೆಗಾಲದಲ್ಲಿ ಕೇಳಿದರೆ ಸೆಕ್ರೆಟರಿ, "ಈಗ ಹೇಗೆ ಸಾಧ್ಯ, ಮಳೆಯಲ್ಲವೇ? ಸದ್ಯಕ್ಕೆ ತಾಡಪತ್ರಿ ಹೊದಿಸೋಣ" ಎಂದರು. ಜನವರಿಯಲ್ಲಿ ಕೇಳಿದೆ. ಮನೆಗೇ ಬಂದು, ಗೋಡೆಯ ಮೇಲೆ ಅಂಗೈಯಿಟ್ಟು, "ಒಣಗಿದೆಯಲ್ಲ?" ಎಂದು ಕೇಳಿ, ಕಾಫಿ ಕುಡಿದು ಹೋದರು. ಫೈಲಿನಲ್ಲಿ 'ಸ್ಥಳ ಪರಿಶೀಲಿಸಲಾಯಿತು, ದೂರಿನಲ್ಲಿ ಹುರುಳಿಲ್ಲ' ಎಂದು ಬರೆದದ್ದು ಆಮೇಲೆ ತಿಳಿಯಿತು.

ಅದರ ಮೇಲೆ ರೀಡೆವಲಪ್‌ಮೆಂಟ್ ಎಂಬ ಮಹಾಮಂತ್ರವಿದೆ. 2019ರಲ್ಲಿ ಸರ್ಕಾರ ಸದಸ್ಯರ ಒಪ್ಪಿಗೆಯ ಮಿತಿಯನ್ನು ಶೇಕಡಾ 51ಕ್ಕೆ ಇಳಿಸಿದ ಮೇಲಂತೂ ನಮ್ಮ ಬಿಲ್ಡಿಂಗಿನಲ್ಲಿ ಒಂದು ಮೊಳೆಯನ್ನೂ ಯಾರೂ ಹೊಡೆಯುತ್ತಿಲ್ಲ. "ಹೇಗಿದ್ದರೂ ಒಡೆಯುವುದೇ ಅಲ್ಲವೇ, ಖರ್ಚು ಯಾಕೆ?" ಬಿಲ್ಡರ್ ಬರುತ್ತಾನೆ, ಮೂವತ್ತು ಮಾಳಿಗೆಯ ಚಿತ್ರ ಗೇಟಿಗೆ ಅಂಟಿಸುತ್ತಾನೆ, ಮಳೆಗೆ ಚಿತ್ರ ಬೂಷ್ಟು ಹಿಡಿಯುತ್ತದೆ, ಬೇರೆ ಬಿಲ್ಡರ್ ಬರುತ್ತಾನೆ. 30 ವರ್ಷ ದಾಟಿದ ಕಟ್ಟಡಕ್ಕೆ ಮೂರು ವರ್ಷಕ್ಕೊಮ್ಮೆ ಸ್ಟ್ರಕ್ಚರಲ್ ಆಡಿಟ್ ಆಗಬೇಕು. ಆಯಿತು. ಇಂಜಿನಿಯರ್ ಪುಟ್ಟ ಸುತ್ತಿಗೆಯಿಂದ ಗೋಡೆ ತಟ್ಟಿ 'ತೇವಾಂಶ ಗಮನಿಸಲಾಗಿದೆ' ಎಂದು ಬರೆದ. ಅದನ್ನು ನಾವು ಗಮನಿಸಿಕೊಂಡೇ ಹುಟ್ಟಿ ಬೆಳೆದವರು.

ತಮಾಷೆಯೆಂದರೆ, ಇದೇ ವಿಕ್ರೋಳಿಯಲ್ಲಿ ನೆಲಕ್ಕೆ ದೊಡ್ಡ ಬಾವಿಯಂಥ ಗುಂಡಿ ತೋಡಿ ಬುಲೆಟ್ ರೈಲಿಗೆ ಸುರಂಗ ಕೊರೆಯುವ ಕೆಲಸ ನಡೆದಿದೆ. ಬಿಕೆಸಿಯಿಂದ ಶೀಳ್‌ಫಾಟಾಕ್ಕೆ 21 ಕಿಲೋಮೀಟರ್, ಅದರಲ್ಲಿ 7 ಕಿಲೋಮೀಟರ್ ಠಾಣೆ ಖಾರಿಯ ಕೆಳಗೆ. ಸಮುದ್ರದ ನೀರು ತಲೆಯ ಮೇಲಿದ್ದರೂ ಒಳಗೆ ಹನಿ ಇಳಿಯದಂತೆ ಕಟ್ಟಬಲ್ಲ ವಿದ್ಯೆ ನಮ್ಮ ಮನೆಯಿಂದ ರಿಕ್ಷಾ ದೂರದಲ್ಲಿದೆ. ನಾಲ್ಕಡಿಗೆ ಐದಡಿಯ ಬಾತ್‌ರೂಮಿಗೆ ಆ ವಿದ್ಯೆ ತಾಗುವುದಿಲ್ಲ, ಯಾಕೆಂದರೆ ಸಮುದ್ರಕ್ಕೆ ಮೇಲಿನ ಮನೆಯವರು ಅಂತ ಯಾರೂ ಇಲ್ಲ.

ಅಮ್ಮ ಮಾತ್ರ ಬೇರೆ ಕಾರಣ ಹೇಳಿದಳು. ಕಾರ್ಕಳದ ಕಡೆ ನಮ್ಮ ಹಳೆಮನೆಯಲ್ಲಿ ಇಲ್ಲಿಗಿಂತ ಹೆಚ್ಚೇ ಮಳೆ. ಆದರೆ ಹಂಚಿನ ಸಂದಿಯಲ್ಲಿ ಗಾಳಿ ಆಡುತ್ತಿತ್ತು, ಒಲೆಯ ಹೊಗೆ ಅಟ್ಟಕ್ಕೇರಿ ಮೆಣಸು, ಕೊಬ್ಬರಿಯನ್ನು ಒಣಗಿಸಿಡುತ್ತಿತ್ತು, ವರ್ಷಕ್ಕೊಮ್ಮೆ ಗೋಡೆಗೆ ಸುಣ್ಣ ಬೀಳುತ್ತಿತ್ತು. ಸುಣ್ಣದ ಕ್ಷಾರದಲ್ಲಿ ಬೂಷ್ಟು ಬಾಳುವುದಿಲ್ಲ. ಇಲ್ಲಿ ನಾವು ನಲವತ್ತು ಚದರಡಿಯ ಆಸೆಗೆ ಬಾಲ್ಕನಿ ಮುಚ್ಚಿ ಅಲ್ಯುಮಿನಿಯಂ ಕಿಟಕಿ ಹಾಕಿದೆವು. ಊರೆಲ್ಲ ವಿಕ್ರೋಳಿಯ ಹೆಸರು ಹೇಳುವ ಉಕ್ಕಿನ ಬೀರುವನ್ನು ಹೊರಗೋಡೆಗೆ ಒತ್ತಿ ನಿಲ್ಲಿಸಿದೆವು. ಅಮ್ಮ ಅದನ್ನು ಅರ್ಧ ಅಡಿ ಈಚೆ ಎಳೆಸಿದಾಗ ಹಿಂದೆ ಗೋವಾ, ಕೇರಳ ಕೂಡ ಸಿಕ್ಕಿದವು. ಅವಳು ಹೇಳಿದ್ದು ಸರಿಯೇ. ಆದರೆ ಅದನ್ನು ಸೆಕ್ರೆಟರಿಯ ಮುಂದೆ ಹೇಳಬೇಡ ಎಂದು ಕೈಮುಗಿದೆ.

ಯಾಕೆಂದರೆ ಸೆಕ್ರೆಟರಿ ಮಹಾಸಭೆಯಲ್ಲಿ ಆಗಲೇ ತೀರ್ಪು ಕೊಟ್ಟಿದ್ದರು. "ಸೋರಿಕೆಯಲ್ಲ, ಹಬೆ. ಆಪ್ ಸೌತ್‌ವಾಲೆ, ದಿನಾ ಇಡ್ಲಿ ಬೇಯಿಸುತ್ತೀರಿ." ಸಭೆ ನಕ್ಕಿತು. ನಾನು ನಗಲಿಲ್ಲ. ಇಂಗ್ಲೆಂಡಿನ ರಾಚ್‌ಡೇಲ್ ಎಂಬಲ್ಲಿ ಬೂಷ್ಟು ತುಂಬಿದ ಬಾಡಿಗೆ ಮನೆಯಲ್ಲಿ ಉಸಿರು ಕಟ್ಟಿ 2020ರ ಡಿಸೆಂಬರಿನಲ್ಲಿ ಎರಡು ವರ್ಷದ ಆವಾಬ್ ಇಶಾಕ್ ತೀರಿಕೊಂಡ. ಅಪ್ಪ ಮತ್ತೆ ಮತ್ತೆ ದೂರು ಕೊಟ್ಟಿದ್ದ. ಅವರ ಜೀವನಶೈಲಿಯೇ ಇದಕ್ಕೆ ಕಾರಣ ಎಂದು ಮನೆಯ ಒಡೆತನದ ಸಂಸ್ಥೆ ನಂಬಿಕೊಂಡು ಕೂತಿತ್ತು. ಆ ಮಗುವಿನ ಹೆಸರಿನ ಕಾನೂನು 2025ರ ಅಕ್ಟೋಬರಿನಿಂದ ಅಲ್ಲಿ ಜಾರಿಗೆ ಬಂದಿದೆ, ಗಂಭೀರ ಬೂಷ್ಟಿನ ದೂರು ಬಂದರೆ ಗೊತ್ತುಪಡಿಸಿದ ದಿನಗಳೊಳಗೆ ನೋಡಲೇಬೇಕು. ಇದನ್ನೆಲ್ಲ ನಾನು ಎದ್ದುನಿಂತು ಹೇಳಿದೆ. ಆಗ ಬಂದ ಸಿಟ್ಟಿನಲ್ಲಿ, ಸಂತ್ರಸ್ತನನ್ನೇ ಅಪರಾಧಿ ಮಾಡುವ ಈ ಬುದ್ಧಿ ನಾಗರಿಕರದ್ದಲ್ಲ ಎಂದು ಮೂರು ಭಾಷೆಯಲ್ಲಿ ಹೇಳಿ ಕೂತೆ. ಕಾಕಾ ಒಬ್ಬರೇ ಚಪ್ಪಾಳೆ ತಟ್ಟಿದರು.

ಮೊನ್ನೆ ಭಾನುವಾರ ಬಾಗಿಲು ತಟ್ಟಿದ ಸದ್ದು. ನಮ್ಮ ಕೆಳಗಿನ ಮನೆಯ ಗುಜರಾತಿ ಬೆನ್, ಕೈಯಲ್ಲಿ ಮೊಬೈಲು. ಅವರ ಬಾತ್‌ರೂಮಿನ ಸೀಲಿಂಗಿನಲ್ಲಿ ಕಪ್ಪು ಬೂಷ್ಟು, ಸರಿಯಾಗಿ ನಮ್ಮ ನಹಾಣಿ ಟ್ರ್ಯಾಪಿನ ಅಡಿಯಲ್ಲಿ. ಫೋಟೊ ತಿರುಗಿಸಿ ತೋರಿಸಿದರು. ಸೌರಾಷ್ಟ್ರದ ಹಾಗೇ ಕಾಣುತ್ತಿತ್ತು. ಪ್ಲಂಬರನನ್ನು ಕರೆಸಿದ್ದಾರಂತೆ, ನಮ್ಮ ಬಾತ್‌ರೂಮಿನಲ್ಲಿ ಸ್ವಲ್ಪ ಬಣ್ಣದ ನೀರು ಬಿಡಬಹುದೇ ಎಂದು ವಿನಯದಿಂದ ಕೇಳಿದರು.

ಒಳಗಿನಿಂದ ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಕನ್ನಡಕ ಏರಿಸಿಕೊಂಡು ಫೋಟೊವನ್ನು ಒಂದು ನಿಮಿಷ ಪರೀಕ್ಷಿಸಿದೆ.

"ಬೆನ್, ನೀವು ಢೋಕ್ಲಾ ವಾರಕ್ಕೆ ಎಷ್ಟು ಸಲ ಮಾಡುತ್ತೀರಿ?"